ಕ್ಯಾಥೆಟರ್ ತೆಗೆದ ಮೇಲಿನ ದಿನಗಳು

ನೀವು ನೋಡುತ್ತಿರುವ ಈ ಕುರ್ಚಿಯಲ್ಲಿ ಕುಳಿತೇ ನಾನು, ಶಸ್ತ್ರಚಿಕಿತ್ಸೆಗೆ ಐದು ವಾರ ಇರುವಾಗಿನಿಂದ, ದಿನಕ್ಕೆ ಮೂರು ಹೊತ್ತು ಯಾರ ಕಣ್ಣಿಗೂ ಕಾಣದ ಒಂದು ವ್ಯಾಯಾಮವನ್ನು ಮಾಡುತ್ತಿದ್ದೆ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆ ನನಗೆ ಕ್ಯಾನ್ಸರ್ ಬಂದಿತ್ತು, ಅದನ್ನು ಪೂರ್ತಿಯಾಗಿ ತೆಗೆದ ಮೇಲೆ ಕೆಲಕಾಲ ಮೂತ್ರದ ಹಿಡಿತ ತಪ್ಪಬಹುದೆಂದು ವೈದ್ಯರು ಮೊದಲೇ ತಿಳಿಸಿದ್ದರು. ಮೂತ್ರಕೋಶದ ಬಾಯಿಯಲ್ಲಿ ನಮ್ಮ ಅರಿವಿಗೆ ಬಾರದೆಯೇ ಮೂತ್ರವನ್ನು ತಡೆದಿಡುವ ಸ್ನಾಯು ಪ್ರಾಸ್ಟೇಟಿಗೆ ಹೊಂದಿಕೊಂಡೇ ಇರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟು ಬೀಳುತ್ತದೆ. ಆಮೇಲೆ ಆ ಹೊಣೆಯ ಹೆಚ್ಚಿನ ಪಾಲನ್ನು ಕೆಳಗಿರುವ ಇನ್ನೊಂದು ಸ್ನಾಯುವೂ ಅದರ ಸುತ್ತಲಿನ ಪೆಲ್ವಿಕ್ ಫ್ಲೋರ್ ಸ್ನಾಯುಗಳೂ (ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳು) ಹೊರಬೇಕಾಗುತ್ತದೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಆ ಸ್ನಾಯುಗಳನ್ನು ಬಲಪಡಿಸುವ ಈ ವ್ಯಾಯಾಮವನ್ನು ವಿವರಿಸಿದ್ದು ಮಹಿಳೆಯರಿಗಾಗಿ. ಆದ್ದರಿಂದಲೋ ಏನೋ, ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಅನೇಕ ಗಂಡಸರು ಭಾವಿಸುತ್ತಾರೆ, ನಾನೂ ಭಾವಿಸಿದ್ದೆ.

ಮೊದಲ ಎರಡು ವಾರ ನಾನು ಮಾಡಿದ್ದು ತಪ್ಪು ವ್ಯಾಯಾಮ. ಉಸಿರು ಬಿಗಿಹಿಡಿದು, ಪೃಷ್ಠವನ್ನೂ ತೊಡೆಯನ್ನೂ ಗಟ್ಟಿ ಮಾಡಿ, ದಣಿದಿದ್ದರಿಂದಲೇ ಫಲ ಸಿಗುತ್ತಿದೆಯೆಂದು ನಂಬಿದ್ದೆ. ಫಿಸಿಯೋಥೆರಪಿಸ್ಟ್ ನನ್ನ ಹೊಟ್ಟೆಯ ಮೇಲೆ ನನ್ನದೇ ಅಂಗೈಯನ್ನು ಇರಿಸಿ, ಅದು ಅಲುಗದಂತೆ, ಹೊರಬರುತ್ತಿರುವ ವಾಯುವನ್ನು ತಡೆಯುವ ಹಾಗೆ ಗುದದ ಸುತ್ತಲಿನ ಸ್ನಾಯುವನ್ನು ಒಳಕ್ಕೆಳೆದುಕೊಳ್ಳಲು ಹೇಳಿದರು. ಆಗ ಶಿಶ್ನದ ಬುಡ ತುಸು ಒಳಸರಿದು ವೃಷಣಗಳು ಮೇಲೇರಿದಂತಾಯಿತು. ಸರಿಯಾದ ಸ್ನಾಯು ಸಿಕ್ಕಿದ್ದಕ್ಕೆ ಅದೇ ಗುರುತು. ಐದರಿಂದ ಹತ್ತು ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಬೇಕು. ಹೀಗೆ ಒಂದು ಹೊತ್ತಿಗೆ ಹತ್ತು ಬಾರಿ. ಸಡಿಲಬಿಡುವುದನ್ನು ದಯವಿಟ್ಟು ಅಲಕ್ಷಿಸಬೇಡಿ, ಏಕೆಂದರೆ ಸದಾ ಬಿಗಿದುಕೊಂಡೇ ಇರುವ ಸ್ನಾಯುವಿಗೆ ಕೆಮ್ಮು ಬಂದ ಕ್ಷಣದಲ್ಲಿ ಇನ್ನಷ್ಟು ಬಿಗಿಯಲು ಶಕ್ತಿಯಿರುವುದಿಲ್ಲ. ಮೂತ್ರ ಮಾಡುತ್ತಿರುವಾಗ ಧಾರೆಯನ್ನು ತಡೆದು ತಡೆದು ಅಭ್ಯಾಸ ಮಾಡುವುದೂ ಬೇಡ. ಮೂತ್ರಕೋಶ ಪೂರ್ತಿ ಬರಿದಾಗದೆ ಉಳಿಯಬಹುದು.

ಶಸ್ತ್ರಚಿಕಿತ್ಸೆಯ ನಂತರ ಕ್ಯಾಥೆಟರ್, ಅಂದರೆ ಮೂತ್ರವನ್ನು ಹೊರಹರಿಸುವ ನಳಿಕೆ, ಇದ್ದಷ್ಟು ದಿನ ವ್ಯಾಯಾಮವನ್ನು ನಿಲ್ಲಿಸಿದ್ದೆ, ವೈದ್ಯರ ಸೂಚನೆಯೂ ಅದೇ ಆಗಿತ್ತು. ಅದನ್ನು ತೆಗೆದ ದಿನ ಕುರ್ಚಿಯಿಂದ ಎದ್ದೊಡನೆ ಬಟ್ಟೆ ಒದ್ದೆಯಾಯಿತು, ಮತ್ತು ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತೆಂದು ನಾನು ಅತ್ತೆ. ಮೊದಲು ಹತೋಟಿಗೆ ಬಂದದ್ದು ರಾತ್ರಿ. ಮಲಗಿದಾಗ ಆ ಸ್ನಾಯುಗಳ ಮೇಲೆ ಭಾರ ಕಡಿಮೆ. ಬೆಳಿಗ್ಗೆ ಚೆನ್ನಾಗಿಯೇ ಇದ್ದದ್ದು ಸಂಜೆಯಾಗುತ್ತ ಕೈಕೊಡುತ್ತಿತ್ತು, ಸ್ನಾಯುಗಳೂ ದಣಿಯುತ್ತವೆಯಲ್ಲ. ಸೋರಿಕೆಗೆ ಅಂಜಿ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದು ನನ್ನ ಇನ್ನೊಂದು ತಪ್ಪು: ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸಿ ಮೂತ್ರದ ಅವಸರವನ್ನು ಹೆಚ್ಚಿಸಿತು. ಕಡಿಮೆ ಮಾಡಬೇಕಾಗಿದ್ದದ್ದು ಕಾಫಿಯನ್ನು.

ಈಗ ಏಳನೆಯ ತಿಂಗಳು. ಹೊರಗೆ ಹೊರಟಾಗ ತೆಳುವಾದ ಒಂದು ಪ್ಯಾಡ್ ಸಾಕಾಗುತ್ತದೆ, ಹಲವು ದಿನ ಅದೂ ಒದ್ದೆಯಾಗದೆಯೇ ಮರಳುತ್ತದೆ. ಸೀನು ಬರುವ ಮೊದಲು, ಭಾರ ಎತ್ತುವ ಮೊದಲು, ಈ ಕುರ್ಚಿಯಿಂದ ಏಳುವ ಮೊದಲು ಒಮ್ಮೆ ಬಿಗಿಹಿಡಿಯುತ್ತೇನೆ. ನೋಡಿ, ಈಗಲೂ ಹಾಗೆಯೇ ಎದ್ದೆ.