ಬೆಂಕಿಯಿಂದ ತಾನಾಗಿ ಬಂದ ಕರು: ಕಲಾವಿದನ ಅಂತರಂಗ ಮತ್ತು ಕ್ರೈಸ್ತ ವಿಶ್ವಾಸ

ಸಹೃದಯರೆ,

ಕೊಡಗಿನ ವಿರಾಜಪೇಟೆಯಲ್ಲಿ ನಿಂತು ಕ್ರೈಸ್ತ ವಿಶ್ವಾಸದ ಮಾತೆತ್ತಿದರೆ 1792ನೆಯ ಇಸವಿ ತಾನಾಗಿ ನೆನಪಿಗೆ ಬರುತ್ತದೆ. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನವರ ದೇವಾಲಯದ ಕಥೆ ಅಲ್ಲಿಂದ ಶುರುವಾಗುತ್ತದೆ. ಇಂದು ನಾವು ಕಾಣುವ ಎತ್ತರದ ಗೋಪುರದ ಕಟ್ಟಡ ಬಹಳ ಅನಂತರದ್ದು. ಬಂದವರ ಕೈಯಲ್ಲಿ ಆಗ ಚಿತ್ರವಾಗಲಿ ಪ್ರತಿಮೆಯಾಗಲಿ ಹೆಚ್ಚೇನೂ ಇದ್ದಿರಲಾರದು. ಬಾಯಲ್ಲಿ ಒಂದಿಷ್ಟು ಜಪ ಇದ್ದಿರಬೇಕು. ಕಣ್ಣಿಗೆ ಕಾಣುವ ಕಲೆಗಿಂತ ಎಷ್ಟೋ ಮೊದಲೇ ಒಳಗಿನ ಬದುಕು ಇಲ್ಲಿಗೆ ಬಂದಿತ್ತೆಂಬುದು ನನ್ನ ಊಹೆ, ಮತ್ತು ಇವತ್ತಿನ ಮಾತಿಗೆ ಅದೇ ಬಾಗಿಲು.

ನಾನು ಕುಂಚ ಹಿಡಿದು ಬದುಕುವವನು. ಯೇಸುಸ್ವಾಮಿಯ ಚಿತ್ರ ಬರೆಯುವವನನ್ನು ಜನ ಕ್ರೈಸ್ತ ಕಲಾವಿದ ಎಂದು ಕರೆದುಬಿಡುತ್ತಾರೆ. ವಸ್ತುವಿನಿಂದ ವಿಶ್ವಾಸವನ್ನು ಅಳೆಯುವ ಈ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಶಿಲುಬೆಯನ್ನು ಬರೀ ಹೆಸರಿಗಾಗಿಯೂ ಹಣಕ್ಕಾಗಿಯೂ ಬರೆಯಬಹುದೆಂದು ನನ್ನ ಅನುಭವವೇ ಹೇಳುತ್ತದೆ. ವಿಶ್ವಾಸ ಕಲಾವಿದನೊಳಗೆ ಕೆಲಸ ಮಾಡುವುದು ಬೇರೆ ಕಡೆ: ತಾನು ಮಾಡಿದ್ದಕ್ಕೆ ತಾನೇ ಉತ್ತರ ಹೇಳಬೇಕಾದ ಜಾಗದಲ್ಲಿ.

ಬೈಬಲ್ಲಿನ ವಿಮೋಚನಕಾಂಡದ 31 ಮತ್ತು 32ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. 31ರಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ತಾಮ್ರ, ರತ್ನ, ಮರಗಳ ಕೆಲಸಕ್ಕಾಗಿ ಅವನನ್ನು ತನ್ನ ಆತ್ಮದಿಂದ ತುಂಬುತ್ತಾನೆ. ಪ್ರವಾದಿಗೋ ಅರಸನಿಗೋ ಸಲ್ಲಬಹುದಾದ ಮಾತು ಇಲ್ಲಿ ಉಳಿ ಹಿಡಿದ ಕೈಗೆ ಸಂದಿದೆ. ಮರು ಅಧ್ಯಾಯದಲ್ಲಿ ಮೋಶೆಯ ಅಣ್ಣ ಆರೋನನೂ ಉಳಿ ಹಿಡಿಯುತ್ತಾನೆ. ಜನ ಕೇಳಿದರೆಂದು ಅವರ ಕಿವಿಯ ಮುರುಗಳನ್ನು ಕರಗಿಸಿ ಚಿನ್ನದ ಕರುವನ್ನು ಮಾಡುತ್ತಾನೆ. ಬೆಟ್ಟ ಇಳಿದು ಬಂದ ಮೋಶೆ ಏನಿದೆಂದು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಗಮನಿಸಿ: ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ಕಲಾವಿದರಾದ ನಮಗೆ ಈ ಮಾತಿನ ಪರಿಚಯ ಚೆನ್ನಾಗಿದೆ. ‘ತಾನಾಗಿ ಬಂತು’ ಎಂಬುದನ್ನು ನಾವು ಸ್ಫೂರ್ತಿ ಎಂದು ಕರೆಯುತ್ತೇವೆ, ಸಂದರ್ಶನಗಳಲ್ಲಿ ಅದನ್ನೇ ಹೇಳಿ ಮೆಚ್ಚುಗೆಯನ್ನೂ ಪಡೆಯುತ್ತೇವೆ. ವರ ಪಡೆದವನಿಗೂ ಜಾರಿಕೊಂಡವನಿಗೂ ನಡುವೆ ಇರುವುದು ಒಂದೇ ಹಾಳೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರ ಗೋಡೆಗಳನ್ನು 1899ರಿಂದ 1901ರವರೆಗೆ ಚಿತ್ರಿಸಿದ ಅಂತೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಾಮೊ ಕಡೆಯವರು. ಯೇಸುಸಭೆಯಲ್ಲಿ, ಅಂದರೆ ಜೆಸ್ವಿಟ್ ಸಂಘದಲ್ಲಿ, ಗುರುಗಳಲ್ಲ, ಸಹೋದರರು. ಹಸಿಗಾರೆಯ ಚಿತ್ರಕಲೆ, ಅಂದರೆ ಫ್ರೆಸ್ಕೊ, ಎಂಥ ಶಿಸ್ತನ್ನು ಬೇಡುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ದಿನ ಎಷ್ಟು ಬರೆಯಬಲ್ಲೆನೋ ಅಷ್ಟಕ್ಕೆ ಮಾತ್ರ ಬೆಳಿಗ್ಗೆ ಸುಣ್ಣದ ಗಾರೆ ಮೆತ್ತಿಸಬೇಕು. ನೀರಿನಲ್ಲಿ ಕಲಸಿದ ಬಣ್ಣವನ್ನು ಗಾರೆ ಹಸಿಯಿರುವಾಗಲೇ ಹಚ್ಚಬೇಕು; ಸುಣ್ಣ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಸಂಜೆ ಉಳಿದ ಗಾರೆಯನ್ನು ಕೆರೆದು ತೆಗೆಯಬೇಕು. ಕೈ ತಪ್ಪಿದರೆ ಅಷ್ಟನ್ನೂ ಒಡೆದು ಮರುದಿನ ಮತ್ತೆ ಮೆತ್ತಬೇಕಲ್ಲದೆ ಮೇಲೆ ಬಳಿದು ಮುಚ್ಚಲು ಬಾರದು. ದಿನದ ಕೊನೆಗೆ ಆತ್ಮಪರಿಶೋಧನೆ ಮಾಡುವುದು ಯೇಸುಸಭೆಯವರ ನಿತ್ಯದ ಅಭ್ಯಾಸ. ಆ ಗೋಡೆಯ ಮುಂದೆ ನಿಂತಾಗಲೆಲ್ಲ ಆ ಪ್ರಾರ್ಥನೆಗೂ ಈ ಗಾರೆಗೂ ಒಂದೇ ಹಿಡಿತವಿದೆ ಎನ್ನಿಸುತ್ತದೆ: ಇಂದಿನ ಲೆಕ್ಕ ಇಂದೇ ಮುಗಿಯಬೇಕು.

ಫ್ರಾನ್ಸಿನ ಜಾರ್ಜ್ ರುವೊ ಹುಡುಗನಾಗಿದ್ದಾಗ ದೇವಾಲಯಗಳ ಬಣ್ಣದ ಗಾಜಿನ ದುರಸ್ತಿ ಕಲಿತವರು. ವೇಶ್ಯೆಯರನ್ನೂ ಕೋಡಂಗಿಗಳನ್ನೂ ನ್ಯಾಯಾಧೀಶರನ್ನೂ ದಪ್ಪ ಕಪ್ಪು ಗೆರೆಗಳಲ್ಲಿ ಬರೆದ ಈ ಕಥೋಲಿಕ ಕಲಾವಿದ, ತಮ್ಮ ನೂರಾರು ಅಪೂರ್ಣ ಚಿತ್ರಗಳನ್ನು ಚಿತ್ರ ವ್ಯಾಪಾರಿಯೊಬ್ಬರ ವಾರಸುದಾರರಿಂದ ನ್ಯಾಯಾಲಯದ ಮೂಲಕ ಮರಳಿ ಪಡೆದರು. ಇನ್ನು ಮುಗಿಸಲಾರೆನೆಂದು ಮನಗಂಡು ಅವುಗಳಲ್ಲಿ 315ನ್ನು 1948ರಲ್ಲಿ ಬೆಂಕಿಗೆ ಹಾಕಿದರು. ಆಗ ಅವರಿಗೆ 77 ವರ್ಷ. ಆರೋನನ ಬೆಂಕಿಗೆ ಇದು ನೇರ ಎದುರು.

ಸುಡುವುದೆಲ್ಲ ಪುಣ್ಯವೆಂದು ತಿಳಿಯಬೇಡಿ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1868ರಲ್ಲಿ ಯೇಸುಸಭೆ ಸೇರುವ ಮುನ್ನ ತಮ್ಮ ಕವಿತೆಗಳನ್ನು ಸುಟ್ಟು, ಸುಮಾರು ಏಳು ವರ್ಷ ಕಾವ್ಯವನ್ನು ದೂರವಿಟ್ಟರು. 1875ರ ಡಿಸೆಂಬರಿನಲ್ಲಿ ಹಡಗೊಂದು ಮುಳುಗಿ ಐವರು ಸನ್ಯಾಸಿನಿಯರು ತೀರಿಕೊಂಡಾಗ, ಯಾರಾದರೂ ಈ ಕುರಿತು ಬರೆಯಬೇಕಿತ್ತು ಎಂದು ಹಿರಿಯರೊಬ್ಬರು ಆಡಿದ ಮಾತೇ ಅವರಿಗೆ ಅಪ್ಪಣೆಯಾಯಿತು. ಬರೆದ ಆ ಪದ್ಯವನ್ನು ಅವರದೇ ಸಭೆಯ ಪತ್ರಿಕೆ ಅಚ್ಚುಹಾಕಲಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ, ಕವನಸಂಗ್ರಹ ಹೊರಬಂದದ್ದು 1918ರಲ್ಲಿ. ಸುಟ್ಟದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ, ಆದರೆ ಆ ಏಳು ವರ್ಷಗಳ ಮೌನದ ಬಗ್ಗೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲ ಹೆಚ್ಚಾಗಿ ಕಾಫಿಯನ್ನು ಅರಳಿಸುವ ಹೂಮಳೆಯ ಹೊತ್ತಿಗೇ ಬರುತ್ತದೆ. ಗಿಡದಲ್ಲಿ ಮೊಗ್ಗಿರುತ್ತದೆ, ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಅಲ್ಲಿಯವರೆಗೆ ಕಾಯಬೇಕು. ಈಗ ಸ್ಪ್ರಿಂಕ್ಲರ್ ಬಂದಿದೆಯಲ್ಲ ಎಂದು ಬೆಳೆಗಾರರು ನಗಬಹುದು. ಚಿತ್ರಕಾರನಿಗೆ ಇನ್ನೂ ಬಂದಿಲ್ಲ.

ನನ್ನದೊಂದು ಸಂಗತಿ ಹೇಳದೆ ಈ ಮಾತು ಮುಗಿಯದು. ವರ್ಷಗಳ ಹಿಂದೆ ಒಂದು ದೇವಾಲಯಕ್ಕೆ ಶಿಲುಬೆಯ ಹಾದಿಯ, ಅಂದರೆ ಯೇಸುವಿನ ಕೊನೆಯ ಪಯಣದ, ಹದಿನಾಲ್ಕು ಫಲಕಗಳನ್ನು ಬರೆದೆ. ಐದನೆಯದು ಸಿರೇನಿನ ಸೀಮೋನನದು. ಹೊಲದಿಂದ ಬರುತ್ತಿದ್ದವನನ್ನು ಹಿಡಿದು ನಿಲ್ಲಿಸಿ ಅವನ ಮೇಲೆ ಯೇಸುವಿನ ಶಿಲುಬೆ ಹೊರಿಸಿದರು. ಆ ಮುಖವನ್ನು ನಾನು ತೋಟವೊಂದರಲ್ಲಿ ಕಾಫಿ ಮೂಟೆ ಹೊರುತ್ತಿದ್ದ ಒಬ್ಬರಿಂದ ತೆಗೆದುಕೊಂಡಿದ್ದೆ. ಕಣದ ಅಂಚಿನಲ್ಲಿ ಕುಳಿತು ಎರಡು ದಿನ ಗುಟ್ಟಾಗಿ ಗೆರೆ ಹಾಕಿದ್ದೆನೇ ಹೊರತು ಕೇಳಿರಲಿಲ್ಲ. ಉದ್ಘಾಟನೆಯ ದಿನ ಅವರು ಫಲಕದ ಮುಂದೆ ಬಹಳ ಹೊತ್ತು ನಿಂತು, ಇದು ನಾನಲ್ಲವೇ ಎಂದರು. ಬರೆಯುತ್ತ ಬರೆಯುತ್ತ ತಾನಾಗಿ ಬಂತು ಎಂದೆ. ಹೇಳಿದ ಕ್ಷಣದಲ್ಲಿ ಅದು ಸುಳ್ಳೆಂದೂ ಅನ್ನಿಸಲಿಲ್ಲ, ನಮ್ಮ ಕಸುಬಿನವರು ಆಡುವ ಮಾತು ಅಷ್ಟೆ. ಮುಂದೊಂದು ದಿನ ಆ 32ನೆಯ ಅಧ್ಯಾಯ ಓದುವಾಗ ನನ್ನದೇ ದನಿ ಕೇಳಿಸಿತು. ಕೇಳದೆ ಒಬ್ಬನ ಮೇಲೆ ಶಿಲುಬೆ ಹೊರಿಸಿದ ಕಥೆಯನ್ನು ನಾನು ಬರೆದದ್ದೂ ಒಬ್ಬರನ್ನು ಕೇಳದೆಯೇ.

ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಗುರುಗಳು ಪ್ರಾಯಶ್ಚಿತ್ತಕ್ಕೆ ಜಪ ಕೊಡುವರೆಂದುಕೊಂಡಿದ್ದೆ. ಆ ಮೂಟೆ ಹೊರುವವರ ಮನೆಗೆ ಹೋಗಿ ಬಾ ಎಂದರು. ಹೋದೆ. ಕ್ಷಮೆಯ ಮಾತನ್ನು ಅವರು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ, ಚಿತ್ರದ ಬಗ್ಗೆ ಒಂದು ತಕರಾರು ಮಾತ್ರ ಇತ್ತು. ನಾನು ಸೀಮೋನನ ಕಣ್ಣುಗಳನ್ನು ಆಕಾಶದತ್ತ ಎತ್ತಿದ್ದೆ, ನೋಡಿದವರೆಲ್ಲ ಹೊಗಳಿದ್ದು ಅದನ್ನೇ. ಹೊರೆ ಹೊತ್ತವನು ಮೇಲೆ ನೋಡುವುದಿಲ್ಲ ಸ್ವಾಮಿ, ಕಾಲಬುಡ ನೋಡುತ್ತಾನೆ, ಬೇರು ಎಡವಿದರೆ ಮೂಟೆಯೂ ಹೋಯಿತು ಬೆನ್ನೂ ಹೋಯಿತು ಎಂದರು. ಕೊಡವರ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಫಲಕವನ್ನು ಇಳಿಸಿ ತಂದೆ. ಅವರು ಎರಡು ಭಾನುವಾರ ಬಲಿಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಮುಂದೆ ಕುಳಿತರು. ಕಣ್ಣುಗಳನ್ನು ಕೆಳಗಿಳಿಸಲು ಆ ಎರಡು ದಿನ ಸಾಕಾದವು. ಎಣ್ಣೆಬಣ್ಣ ಒಣಗಲು ಮಾತ್ರ, ಒಲೆಯ ಪಕ್ಕದಲ್ಲಿಟ್ಟರೂ, ಒಂದು ತಿಂಗಳು ಹಿಡಿಯಿತು.