ಮೆಣಸಿನಕಾಯಿ ಜೀನ್ ಎಲ್ಲೈತ್ರಿ?

ನಮಸ್ಕಾರ್ರೀ ಎಲ್ಲಾರ್ಗೂ. ಇವತ್ತ ಹುಬ್ಬಳ್ಳಿ ರಸ್ತೆ ಧೂಳಿನ ಬಗ್ಗೆ ಮಾತಾಡ್ಬೇಕಂತ ಕುಂತಿದ್ದೆ, ಆದ್ರ ಹೋದ ವಿಡಿಯೋದ ಕೆಳಗ ಒಬ್ಬಾಂವ ಕಮೆಂಟ್ ಹಾಕ್ಯಾನ, "ಬ್ರೋ, ನಿಮ್ಮ ಮೆಣಸಿನಕಾಯಿ ಅನ್ನೋ ಸರ್‌ನೇಮ್ ಎಲ್ಲಿಂದ ಬಂತು ಅಂತ ಯಾಕ್ ತಲೆ ಕೆಡಿಸ್ಕೊಳ್ತೀರಾ, ವೈ-ಡಿಎನ್‌ಎ ಟೆಸ್ಟ್ ಮಾಡ್ಸಿ, ಮೂಲ ಗೊತ್ತಾಗುತ್ತೆ." ಅದಕ್ಕ 42 ಲೈಕ್! ನನ್ನ ವಿಡಿಯೋಕ್ಕ ಅಷ್ಟ ಬಂದಿಲ್ರಿ.

ನೋಡಪಾ ತಮ್ಮಾ, ಅದು ಅಪ್ಪನ ಟೆಸ್ಟ್, ಅಡ್ಡಹೆಸರಿನ ಟೆಸ್ಟ್ ಅಲ್ಲ. ವೈ ಕ್ರೋಮೋಸೋಮ್ ಅಪ್ಪನಿಂದ ಮಗಗ, ಮಗನಿಂದ ಮೊಮ್ಮಗಗ ಹೆಚ್ಚೂಕಮ್ಮಿ ಹಂಗ ಇಳೀತೈತಿ, ಗಲ್ಲದ ಒಳಗ ಕಡ್ಡೀಲೆ ಒರಸಿ ಕಳಿಸಿದ್ರ ಲ್ಯಾಬಿನಾವ್ರು ಅದರಾಗ 37 ಜಾಗಾನೋ 111 ಜಾಗಾನೋ ನೋಡಿ ಇಬ್ಬರು ಗಂಡಸರದು ಎಷ್ಟು ತಾಳೆ ಆಗ್ತೈತಿ ಅಂತ ಹೇಳ್ತಾರ. ಅಷ್ಟ! ಅದರಾಗ "ಮೆಣಸಿನಕಾಯಿ" ಅಂತ ಬರದಿರಂಗಿಲ್ಲ.

ನ್ಯೂಜೆರ್ಸಿಯೊಳಗಿರೋ ನಮ್ಮ ಕಾಕಾನ ಮಗ ಡಾಲರ್ ಸುರದು ಮಾಡಿಸ್ಯಾನ. ಫ್ಯಾಮಿಲಿ ಗ್ರೂಪಿನ್ಯಾಗ ಘೋಷಣಾ, "ನಾವು ಆರ್1ಎ, ಸೆಂಟ್ರಲ್ ಏಷ್ಯಾದಿಂದ ಬಂದಾವ್ರು." ನಮ್ಮ ದೊಡ್ಡವ್ವ ವಾಯ್ಸ್ ನೋಟ್ ಬಿಟ್ಲು: "ಹಂಗಾದ್ರ ಬ್ಯಾಡಗಿ ಹೊಲಾ ಯಾರದಪಾ?" ಮುಗೀತು. ಗ್ರೂಪ್ ಎರಡು ದಿನ ಸೈಲೆಂಟ್.

ಆರ್1ಎ ಅನ್ನೋದು ವೈ ಕ್ರೋಮೋಸೋಮ್ ನೋಡಿ ಮಾಡಿದ ಅಪ್ಪನ ಕಡೀ ಗುಂಪು, ಸಾವಿರಾರು ವರ್ಷದ ಹಳೇದು. ಮೆಣಸಿನಕಾಯಿ ನಮ್ಮ ದೇಶಕ್ಕ ಬಂದದ್ದ ಪೋರ್ಚುಗೀಸರ ಹಡಗಿನ್ಯಾಗ, ವಾಸ್ಕೋ ಡ ಗಾಮ ಬಂದ 1498ರ ನಂತರ. ಅಂದಮ್ಯಾಲೆ ಆ ಆರ್1ಎ ಮುತ್ತಜ್ಜ ಜೀವಮಾನದಾಗ ಒಂದು ಮೆಣಸಿನಕಾಯಿ ಕಂಡಿಲ್ಲ, ಅವನ ಹಿಡಕೊಂಡು ಮೆಣಸಿನಕಾಯಿ ಮನೆತನದ ಮೂಲ ಹುಡುಕ್ತಾರಂತ! ಅಂದಂಗ ನಮ್ಮ "ಖಾರ ಐತಿ" ಟೀ ಶರ್ಟ್ 399 ರೂಪಾಯಿ, ಲಿಂಕ್ ಕೆಳಗೈತಿ.

ನಮ್ಮ ಅಡ್ಡಹೆಸರು ಹೆಂಗ ಹುಟ್ಟಿತು ಗೊತ್ತೇನು? ಅಜ್ಜನ ಸಾಲೀಗೆ ಹಚ್ಚಿದಾಗ ಮಾಸ್ತರು ಕೇಳಿದ್ರಂತ, ನಿಮ್ಮಪ್ಪ ಏನ್ ಮಾಡ್ತಾನೋ? "ಚಕ್ಕಡ್ಯಾಗ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೇರ್ತಾನ್ರಿ." ಬರದ್ರು. ಅಜ್ಜನ ತಮ್ಮ ಓದಿದ್ದು ಅವ್ವನ ತವರೂರಾಗ, ಅವರ ಸೋದರಮಾವಂದು ಕಿರಾಣಿ ಅಂಗಡಿ, ಅಲ್ಲಿ ಮಾಸ್ತರು "ಅಂಗಡಿ" ಅಂತ ಬರದ್ರು. ಒಬ್ಬ ಅಪ್ಪನ ಇಬ್ಬರು ಮಕ್ಕಳು, ವೈ ಒಂದ, ಅಡ್ಡಹೆಸರು ಎರಡು. ಮತ್ತ ಹೇಳ್ತೀನಿ, ಅದು ಅಪ್ಪನ ಟೆಸ್ಟ್!

ಈಗ ಇನ್ನೊಬ್ಬಾಂವ ಬರ್ತಾನ, "ಇಂಗ್ಲೆಂಡಿನಾಗ ವರ್ಕ್ ಆಗೇತಲ್ಲ?" ಹೌದಪಾ. 2000ನೇ ಇಸವಿಯೊಳಗ ಆಕ್ಸ್‌ಫರ್ಡಿನ ಜೀನ್ ವಿಜ್ಞಾನಿ ಬ್ರಯನ್ ಸೈಕ್ಸ್ ತನ್ನ ಅಡ್ಡಹೆಸರಿನ ಗಂಡಸರದು ತಪಾಸ ಮಾಡಿದ, ಹತ್ತಿರ ಹತ್ತಿರ ಅರ್ಧದಷ್ಟು ಮಂದೀದು ಒಂದ ನಮೂನಿ ಇತ್ತು. ಅಲ್ಲಿ ಹೆಸರು ಅಪ್ಪನಿಂದ ಮಗಗ ನೂರಾರು ವರ್ಷದಿಂದ ಬಂದೈತಿ, ಮ್ಯಾಲ ಆ ಹೆಸರು ಅಷ್ಟೇನ್ ಕಾಮನ್ ಅಲ್ಲ. ಅದ ಸ್ಮಿತ್ ಅಂದ್ರ ನಮ್ಮ ಕಂಬಾರ ಇದ್ದಂಗ, ಊರಿಗೊಬ್ಬ, ಅಲ್ಲೂ ಟೆಸ್ಟ್ ತಲಿ ಕೆರಕೊಂಡ ಕುಂದರತೈತಿ. ಇನ್ನ ನಮ್ಮ ಪಾಟೀಲ್? ಲಿಂಗಾಯತರಾಗ ಪಾಟೀಲ್, ಜೈನರಾಗ ಪಾಟೀಲ್, ಮರಾಠರಾಗ, ಮುಸಲ್ಮಾನರಾಗ ಪಾಟೀಲ್. ಅದು ಊರಗೌಡಕಿ, ಹುದ್ದೆ ರೀ! ನಾಳೆ "ತಹಸೀಲ್ದಾರ್ ಜೀನ್" ಹುಡುಕ್ತೀರೇನು? (ಹೌದು, ತಹಸೀಲ್ದಾರ್ ಅಡ್ಡಹೆಸರಿನಾವ್ರೂ ಅದಾರ, ಬೈಬ್ಯಾಡ್ರಿ.)

ಮಂಗಳೂರು ಕಡೆ ಬಂಟರಿಗೆ ಹೇಳಿ ನೋಡ್ರಿ, ಅಳಿಯಸಂತಾನ, ಬಳಿ (ನಮ್ಮ ಕಡೆ ಗೋತ್ರ ಇದ್ದಂಗ) ಬರೋದ ತಾಯಿ ಕಡಿಂದ. ಅಪ್ಪನ ವೈ ತಗೊಂಡು ಏನ್ ಮಾಡ್ತಾರ, ಉಪ್ಪಿನಕಾಯಿ ಹಾಕ್ತಾರೇನು? ದತ್ತಕ? ನಮ್ಮ ಕಡೆ ದತ್ತಕ ಮಗನಿಂದ ನಡದ ಮನೆತನ ಎಷ್ಟಿಲ್ಲ! 1824ರಾಗ ಕಿತ್ತೂರಿನಾವ್ರು ದತ್ತು ತಗೊಂಡ ಶಿವಲಿಂಗಪ್ಪನ ಒಪ್ಪಂಗಿಲ್ಲ ಅಂತ ತಕರಾರು ತಗದಾಂವ ಧಾರವಾಡದ ಕಲೆಕ್ಟರ್ ಥ್ಯಾಕರೆ. ತಮ್ಮಾ, ನೀ ಥ್ಯಾಕರೆ ಕಡೆ ಇದ್ದೀಯೋ ಚೆನ್ನಮ್ಮನ ಕಡೆ ಇದ್ದೀಯೋ?

ಹತ್ತು ತಲೆಮಾರು ಹಿಂದಕ್ಕ ಹೋದ್ರ ನಿನಗ 1024 ಮಂದಿ ಅಜ್ಜ-ಅಜ್ಜಿ, ಈ ಟೆಸ್ಟ್ ತೋರಸೋದು ಅದರಾಗ ಒಬ್ಬಾಂವನ್ನ. ಒಬ್ಬಾಂವನ್ನ! ಉಳಿದ 1023 ಮಂದಿ ಏನ್ ಬಾಡಗಿಗಿದ್ರೇನು? ಅಪ್ಪನ ಟೆಸ್ಟ್ ರೀ, ಅಪ್ಪಂದು, ಅಪ್ಪ... ಇನ್ನೊಂದ ಪಾಯಿಂಟ್ ಬರಕೊಂಡಿದ್ದೆ, ಹಾಳಿ ಎಲ್ಲಿ ಹೋತೋ. ಇರ್ಲಿ ಬಿಡ್ರಿ, ನಾ ಹೇಳೂದು ಖರೇ ಐತಿ, ಸಬ್‌ಸ್ಕ್ರೈಬ್ ಮಾಡ್ರಿ, ಒಳಗಿಂದ ಅವ್ವ ಕರ್ಯಾಕತ್ತಾಳ, ಮಿರ್ಚಿ ಆರಾಕತ್ತಾವಂತ.