ನೀಲಿ ಮುಚ್ಚಳದ ಟ್ಯಾಂಕಿಗೆ ಏನು ಹಾಕುತ್ತಿದ್ದೀರಿ?

ಕೇಳುಗರಿಗೆ ನಮಸ್ಕಾರ. ಲಾರಿ, ಟಿಪ್ಪರ್, ಬಸ್ಸು ಇಟ್ಟುಕೊಂಡವರು, ಓಡಿಸುವವರು ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ. ಇವತ್ತಿನ ಮಾತು ನಿಮ್ಮ ಜೊತೆಗೇ.

2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂತಲ್ಲ, ಆ ಲಾರಿಗಳಲ್ಲಿ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕ್ ಇರುತ್ತದೆ. ಅದಕ್ಕೆ ಹಾಕುವುದು ಡೆಫ್, ಅಂದರೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್. ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಬಿಸಿ ಹೊಗೆಗೆ ಇದನ್ನು ಚಿಮುಕಿಸಿದರೆ ಅಮೋನಿಯಾ ಆಗುತ್ತದೆ. ಅದು ನೈಟ್ರೋಜನ್ ಆಕ್ಸೈಡ್ ಎಂಬ ವಿಷಗಾಳಿಯನ್ನು ಬರೀ ಸಾರಜನಕ, ನೀರಾವಿ ಮಾಡಿಬಿಡುತ್ತದೆ. ಕಪ್ಪು ಹೊಗೆ ಇಲ್ಲದಿದ್ದರೂ ಈ ವಿಷಗಾಳಿ ಇರುತ್ತದೆ. "ನಮ್ಮ ಗಾಡಿ ಹೊಗೆನೇ ಬಿಡಲ್ಲ ಸಾರ್" ಅನ್ನುವವರು ಇದನ್ನು ಕೇಳಿಸಿಕೊಳ್ಳಿ.

ಹಿರಿಯೂರು ಕಡೆಯ ಒಬ್ಬರು ನಮ್ಮ ಗ್ಯಾರೇಜಿಗೆ ಟಿಪ್ಪರ್ ತಂದಿದ್ದರು. ಏರು ಬಂದರೆ ಎಳೆಯುವುದೇ ಇಲ್ಲ ಅಂತ ದೂರು. ಡೆಫ್ ಚಿಮುಕಿಸುವ ನಾಜಲ್ ಬಿಚ್ಚಿದೆ. ತೂತು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಹಾಗೆ ಬಿಳೀ ಚೆಕ್ಕೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು.

"ಏನು ಹಾಕಿದ್ರಿ ಯಜಮಾನ್ರೇ?"

"ಯೂರಿಯಾನೇ ಸಾರ್. ಜೋಳಕ್ಕೆ ತಂದಿದ್ದು ಮನೇಲಿತ್ತು. ಬೋರ್ ನೀರಲ್ಲಿ ಕಲಸಿ ಹಾಕಿಸ್ದೆ. ಯೂರಿಯಾ ಅಂದ್ರೆ ಯೂರಿಯಾ ಅಲ್ವಾ?"

ಅಲ್ಲ! ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ. ಎರಡೂ ಸೇರಿ ಕ್ಯಾಟಲಿಸ್ಟ್, ಅಂದರೆ ಸೈಲೆನ್ಸರ್ ಒಳಗೆ ಹೊಗೆ ಶುದ್ಧಿ ಮಾಡುವ ಭಾಗವನ್ನು ಹಾಳು ಮಾಡುತ್ತವೆ. ಉಳಿಸಿದ್ದು ಒಂದು ಕ್ಯಾನಿನ ದುಡ್ಡು, ಬಿಚ್ಚಿಸಬೇಕಾಗಿ ಬಂದದ್ದು ಇಡೀ ಸೈಲೆನ್ಸರ್. ಇಷ್ಟಾದ ಮೇಲೂ ಅವರು ಮೆಲ್ಲಗೆ, "ಆ ಸಿಸ್ಟಮ್ಮನ್ನೇ ಬೈಪಾಸ್ ಮಾಡ್ಕೊಡ್ತೀರಾ?" ಅಂದರು. ಅವರು ತರಿಸಿದ್ದ ಟೀ ನಾನು ಕುಡಿಯಲಿಲ್ಲ, ಹಾಗೇ ಪಕ್ಕಕ್ಕಿಟ್ಟೆ.

ಅದಕ್ಕೇ ಮತ್ತೆ ಹೇಳುತ್ತೇನೆ: ನೀಲಿ ಮುಚ್ಚಳಕ್ಕೆ ಡೆಫ್ ಮಾತ್ರ. ನಲ್ಲಿ ನೀರು ಬೇಡ, ಗೊಬ್ಬರ ಬೇಡ. ಖಾಲಿ ಬಿಡಲೂ ಬೇಡಿ, ಗಾಡಿ ತಾನಾಗಿಯೇ ಎಳೆತ ಕಮ್ಮಿ ಮಾಡಿಕೊಳ್ಳುತ್ತದೆ.

ಏರ್ ಫಿಲ್ಟರ್ ಬಗ್ಗೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಗಾಜಿನಾಚೆಯಿಂದ ಟೈಮಾಯ್ತು ಅಂತ ಕೈ ತೋರಿಸುತ್ತಿದ್ದಾರೆ. ಏರ್ ಫಿಲ್ಟರ್ ಕಟ್ಟಿಕೊಂಡರೆ ಕಪ್ಪು ಹೊಗೆ ಬರಬಹುದು, ಬಿಚ್ಚಿ ನೋಡಿ. ಲೋಡಿಂಗ್‌ಗೆ ನಿಂತಾಗ ಸುಮ್ನೆ ಇಂಜಿನ್ ಓಡಿಸಬೇಡಿ.

ಡೆಫ್ ಕ್ಯಾನು ಸೀಲ್ ನೋಡಿ ತಗೊಳ್ಳಿ, ಬಿಸಿಲಿನಲ್ಲಿಡಬೇಡಿ. ಡೀಸೆಲ್ ಸುರಿದ ಆಲಿಕೆಯನ್ನು ಇದಕ್ಕೆ ಬಳಸಬೇಡಿ. ತಪ್ಪಿ ಡೀಸೆಲ್ಲೇ ಆ ಟ್ಯಾಂಕಿಗೆ ಬಿತ್ತು ಅಂದುಕೊಳ್ಳಿ, ಕೀ ಕೂಡ ತಿರುಗಿಸದೆ ಮೆಕ್ಯಾನಿಕ್‌ನನ್ನು ಗಾಡಿ ಹತ್ತಿರಕ್ಕೇ ಕರೆಸಿ. ನಮಸ್ಕಾರ.